ಹೇಳಿಕೊಳ್ಳಲು ನಾಚುವ ಬೇನೆ

(ಹಾಲ್ಕುರಿಕೆಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ವೈದ್ಯರೊಬ್ಬರು ನೀಡಿದ ಉಪನ್ಯಾಸ)



ಇವತ್ತು ವಚನ ವ್ಯಾಖ್ಯಾನ ಇರುತ್ತದೆ ಎಂದುಕೊಂಡು ಬಂದವರಿಗೆ ನಿರಾಸೆಯಾಗಬಹುದು. ಗಂಡಸರ ಮೂತ್ರದ ತೊಂದರೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯಕರ್ತರೊಬ್ಬರು, "ಸಾರ್, ತಾಯಂದಿರೂ ಇರ್ತಾರಲ್ಲ" ಅಂದರು. ಇರಲಿ ಎಂದೆ. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗುವ ಯಜಮಾನರಿಗೆ ಲೈಟು ಹಾಕಿಕೊಡುವವರು ಅವರೇ ತಾನೆ?

ನಮ್ಮ ತಂದೆಯವರ ವಿಷಯದಿಂದ ಶುರು ಮಾಡುತ್ತೇನೆ. ತೆಂಗಿನ ತೋಟದ ರೈತರು. ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸದೆ ತೋಟಕ್ಕೆ ಕಾಲಿಟ್ಟವರಲ್ಲ. ಎಪ್ಪತ್ತರ ಹತ್ತಿರ ಬಂದಾಗ ಪೂಜೆಗೆ ಕೂರುವುದನ್ನೇ ಬಿಟ್ಟರು. ಕೇಳಿದರೆ ಸಿಡುಕುತ್ತಿದ್ದರು. ಮದುವೆಗೆ ಹೋಗಲಿಲ್ಲ, ಕೊಬ್ಬರಿ ಹಾಕಲು ತಿಪಟೂರು ಮಾರುಕಟ್ಟೆಗೂ ತಮ್ಮನನ್ನೇ ಕಳಿಸುತ್ತಿದ್ದರು. ಕಡೆಗೆ ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಪಂಚೆಯಲ್ಲಿ ಹನಿ ಬೀಳುತ್ತದಂತೆ, ಇಂಥ ಮೈಲಿಗೆ ಮೈಯಲ್ಲಿ ಲಿಂಗ ಹೇಗೆ ಹಿಡಿಯಲಿ ಅಂತಾರೆ. ಬಸವಾದಿ ಶರಣರು ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲು ಸೂತಕ, ಜಾತಿ ಸೂತಕ, ಐದನ್ನೂ ಕಿತ್ತು ಹಾಕಿದರು. ನಮ್ಮಪ್ಪ ಆರನೆಯದೊಂದನ್ನು ತಾವೇ ಹುಟ್ಟಿಸಿಕೊಂಡು ಎರಡು ವರ್ಷ ಅದರೊಳಗೆ ಕೂತಿದ್ದರು. ಔಷಧಿಯಿಂದ ಆಗುವಷ್ಟು ತೊಂದರೆ ಅದು. ನಾನಾಗ ವೈದ್ಯಕೀಯ ಓದುತ್ತಿದ್ದೆ, ಆದರೂ ನನಗೆ ಹೇಳಲಿಲ್ಲ.

ಮೂತ್ರಕೋಶದ ಕೆಳಗೆ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ ಇದೆ, ಪ್ರಾಸ್ಟೇಟ್ ಅಂತ. ಸಿಪ್ಪೆ ಸಮೇತದ ಅಡಿಕೆಕಾಯಿಯಷ್ಟು ಎಂದುಕೊಳ್ಳಿ. ಮೂತ್ರದ ನಾಳ ಇದರ ನಡುವೆಯೇ ಹಾದು ಬರುತ್ತದೆ. ಹಾಗಾಗಿ ಗ್ರಂಥಿಗೆ ಏನಾದರೂ ಆದರೆ ಬಹಳ ಸಲ ತೊಂದರೆ ಕಾಣುವುದು ಮೂತ್ರದಲ್ಲಿ. ಐವತ್ತು ದಾಟಿದ ಮೇಲೆ ಇದು ನಿಧಾನವಾಗಿ ಬೆಳೆಯುತ್ತದೆ. ಧಾರೆ ಸಣ್ಣದಾಗುವುದು, ತಿಣುಕುವುದು, ಮುಗಿದ ಮೇಲೂ ಹನಿಯುವುದು, ರಾತ್ರಿ ಮತ್ತೆ ಮತ್ತೆ ಏಳುವುದು, ಇವೆಲ್ಲ ಅದರಿಂದ. ಅಪ್ಪನಿಗೆ ಇದ್ದದ್ದು ಅದೇ. ಕ್ಯಾನ್ಸರ್ ಬೇರೆ ಸಂಗತಿ.

ಇನ್ನೊಂದು ಇದೆ, ಅದರ ಬಗ್ಗೆ ಜನಕ್ಕೆ ತಿಳಿವಳಿಕೆ ಕಡಿಮೆ. ಗ್ರಂಥಿಯ ಉರಿಯೂತ. ಇದಕ್ಕೆ ವಯಸ್ಸಾಗಿರಲೇಬೇಕೆಂದಿಲ್ಲ, ಮೂವತ್ತು ನಲವತ್ತರವರಿಗೂ ಬರುತ್ತದೆ. ನನಗೇ ಬಂದಿತ್ತು, ನಲವತ್ಮೂರನೆಯ ವಯಸ್ಸಿನಲ್ಲಿ. ರಾತ್ರಿ ಗಡಗಡ ಚಳಿ, ಮೈ ಕೆಂಡ. ಮಲೇರಿಯಾ ಅಂದುಕೊಂಡೆ. ಬೆಳಗ್ಗೆ ಒಂದಕ್ಕೆ ಹೋದರೆ ಉರಿ, ವೃಷಣಕ್ಕೂ ಗುದಕ್ಕೂ ನಡುವಿನ ಜಾಗದಲ್ಲಿ ಕೂರಲಾಗದ ನೋವು. ಮೂತ್ರ ಪರೀಕ್ಷೆಯಲ್ಲಿ ಕೀವು. ಕರುಳಿನಲ್ಲಿ ವಾಸಿಸುವ ಇ-ಕೋಲಿ ಎಂಬ ರೋಗಾಣು ಮೂತ್ರದ ದಾರಿಯಲ್ಲಿ ಹತ್ತಿ ಬಂದು ಮಾಡುವ ಕೆಲಸ ಇದು, ಬಹಳ ಸಲ. ನಾಲ್ಕು ವಾರ ಆಂಟಿಬಯೋಟಿಕ್ ತಗೋ ಎಂದು ಬರೆದುಕೊಟ್ಟರು. ಐದನೆಯ ದಿನ ಜ್ವರ ಇಳಿಯಿತು, ಏಳನೆಯ ದಿನ ಮಾತ್ರೆ ನಿಲ್ಲಿಸಿದೆ. ರೋಗಿಗಳಿಗೆ ದಿನಾ ಬುದ್ಧಿ ಹೇಳುವ ಡಾಕ್ಟರು ನಾನು! ಮೂರು ತಿಂಗಳಿಗೆ ಅದೇ ನೋವು ತಿರುಗಿ ಬಂತು, ಒಂದು ವರ್ಷ ಬಿಡಲಿಲ್ಲ. ಈ ಗ್ರಂಥಿಯೊಳಕ್ಕೆ ಔಷಧಿ ಇಳಿಯುವುದೇ ಕಷ್ಟ, ಅದಕ್ಕೇ ಅಷ್ಟು ದಿನ ಬೇಕು.

1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತಜ್ಞರು ಸೇರಿ ಈ ಉರಿಯೂತವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಒಂದು, ನನಗೆ ಮೊದಲು ಬಂದ ಹಾಗೆ ಜ್ವರದೊಡನೆ ಥಟ್ಟನೆ ಬರುವುದು. ಎರಡು, ರೋಗಾಣು ಉಳಿದು ಮರುಕಳಿಸುವುದು. ನಾಲ್ಕನೆಯದರಲ್ಲಿ ನೋವೇ ಇರುವುದಿಲ್ಲ, ಬೇರೆ ಪರೀಕ್ಷೆ ಮಾಡುವಾಗ ಗೊತ್ತಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ಮೂರನೆಯದು. ತಿಂಗಳುಗಟ್ಟಲೆ ಕಿಬ್ಬೊಟ್ಟೆ, ಸೊಂಟದ ಕೆಳಭಾಗ ನೋವು, ಪದೇ ಪದೇ ಮೂತ್ರ, ದಾಂಪತ್ಯದಲ್ಲೂ ನೋವು. ಪರೀಕ್ಷೆ ಮಾಡಿದರೆ ರೋಗಾಣು ಸಿಗುವುದಿಲ್ಲ. "ನಿನಗೇನೂ ಇಲ್ಲ, ಮನಸ್ಸಿನ ಭ್ರಮೆ" ಎಂದು ಕಳಿಸಿಬಿಡುವ ವೈದ್ಯರಿದ್ದಾರೆ. ಅದು ತಪ್ಪು. ನೋವು ನಿಜ. ಅಲ್ಲಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ನರಗಳು ಕೆರಳಿರುತ್ತವೆ. ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು, ಸ್ನಾಯು ಸಡಿಲಿಸುವ ವ್ಯಾಯಾಮ, ಮಾತ್ರೆ, ಇವುಗಳಿಂದ ಬಹಳಷ್ಟು ಮಂದಿಗೆ ಹಗುರಾಗುತ್ತದೆ. ನಿಧಾನ, ಆದರೆ ಆಗುತ್ತದೆ.

ಯುವಕರು ಹೇಳಿಕೊಳ್ಳದಿರಲು ಇನ್ನೊಂದು ಕಾರಣ, ಕೆಟ್ಟ ಚಾಳಿಯಿಂದ ಬಂದದ್ದು ಅಂದುಬಿಡುತ್ತಾರೆಂಬ ಹೆದರಿಕೆ. ಕೆಲವು ಸಲ ಲೈಂಗಿಕ ಸೋಂಕಿನಿಂದ ಬರುವುದುಂಟು, ಹೆಚ್ಚಿನ ಸಲ ಅಲ್ಲ. ಈ ಅಂಜಿಕೆಯ ಮೇಲೇ ಗೋಡೆ ಬರಹದ "ಧಾತು ವೈದ್ಯರು" ಬದುಕುತ್ತಿದ್ದಾರೆ. ಶರಣರಲ್ಲೂ ವೈದ್ಯ ಸಂಗಣ್ಣನವರಿದ್ದರು, ರೋಗ ನೋಡುವುದೇ ಅವರ ಕಾಯಕ. ಈ ಗೋಡೆ ವೈದ್ಯರು ಮಾಡುವುದು ಕಾಯಕವಲ್ಲ.

ಇನ್ನು ನಮ್ಮ ಕಡೆಯ ಮದ್ದು. ಉರಿಮೂತ್ರ ಅಂದ ಕೂಡಲೇ ಉಷ್ಣ ಎಂದು ಎಳನೀರು ಕುಡಿಸುತ್ತೇವೆ, ಹೊಕ್ಕುಳಿಗೆ ಹರಳೆಣ್ಣೆ ಹಾಕುತ್ತೇವೆ. ಎಳನೀರಿನ ವಿರುದ್ಧ ಮಾತಾಡಿದರೆ ಈ ಊರಲ್ಲಿ ನನಗೆ ಪ್ರಸಾದ ಸಿಗಲಿಕ್ಕಿಲ್ಲ. ಕುಡಿಯಿರಿ, ಕಿಡ್ನಿ ಕಾಯಿಲೆ ಇರುವವರು ಮಾತ್ರ ಕೇಳಿ ಕುಡಿಯಬೇಕು. ಆದರೆ ಚಳಿಜ್ವರದ ಜೊತೆ ಉರಿ ಇದ್ದರೆ ಎಳನೀರನ್ನು ನಂಬಿ ಎರಡು ದಿನ ಕಳೆಯಬೇಡಿ, ಸೋಂಕು ರಕ್ತಕ್ಕೆ ಸೇರಬಹುದು. ಸಕ್ಕರೆ ಕಾಯಿಲೆ ಇರುವವರಿಗಂತೂ ಇನ್ನೂ ಅಪಾಯ. ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದ್ದರೆ ನೀರು ಕುಡಿಸುವುದು ಚೇಷ್ಟೆ ಮಾಡಿದಂತೆ, ಆ ಗಳಿಗೆಯೇ ತಿಪಟೂರಿನ ಸರಕಾರಿ ಆಸ್ಪತ್ರೆಗೆ ಹೊರಡಿ. ನಳಿಕೆ ಹಾಕಿ ಮೂತ್ರ ತೆಗೆದರೆ ಐದು ನಿಮಿಷದಲ್ಲಿ ಜೀವ ಬಂದ ಹಾಗಾಗುತ್ತದೆ. ನೆಗಡಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗಿ ಅದೇ ರಾತ್ರಿ ಮೂತ್ರ ಕಟ್ಟಿಕೊಂಡು ಬಂದ ಹಿರಿಯರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗ್ರಂಥಿ ದಪ್ಪಗಿರುವವರು ಅದನ್ನು ಕೇಳದೆ ತಗೋಬಾರದು.

ಮರ ಹತ್ತಿ ಕಾಯಿ ಕೀಳುವ ಅಣ್ಣಂದಿರು ಇಲ್ಲಿದ್ದೀರಿ, ನಿಮಗೆ ಒಂದು ಮಾತು. ಮೂತ್ರ ಸಲೀಸಾಗಲು ಕೊಡುವ ಟ್ಯಾಮ್ಸುಲೋಸಿನ್ ಥರದ ಮಾತ್ರೆಗಳು ಕೆಲವರಿಗೆ ರಕ್ತದೊತ್ತಡ ಇಳಿಸಿ ತಲೆ ಸುತ್ತು ತರುತ್ತವೆ, ಶುರುವಿನ ದಿನಗಳಲ್ಲಿ ಜಾಸ್ತಿ. ಮರ ಹತ್ತುವವನು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರಾಗಿಯೇ ಕೇಳುವುದಿಲ್ಲ.

ಪಿಎಸ್‌ಎ ರಕ್ತಪರೀಕ್ಷೆ ಹೆಚ್ಚು ಬಂತೆಂದು ಕ್ಯಾನ್ಸರೇ ಎಂದು ಮನೆಯವರೆಲ್ಲ ಅತ್ತದ್ದನ್ನು ಕಂಡಿದ್ದೇನೆ. ಉರಿಯೂತದಲ್ಲೂ ಅದು ಏರುತ್ತದೆ. ವಾಸಿಯಾಗಿ ಆರೆಂಟು ವಾರ ಬಿಟ್ಟು ಮತ್ತೆ ನೋಡಬೇಕು. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯಬಾರದು. ಇಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಸರಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

ಅಪ್ಪನ ವಿಷಯ ಅರ್ಧಕ್ಕೆ ಬಿಟ್ಟೆ. ಮಾತ್ರೆ ಶುರು ಮಾಡಿ ಕೆಲವು ವಾರಗಳಲ್ಲಿ ಹನಿಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಒಂದು ಬೆಳಗ್ಗೆ ಅವ್ವ ಒಗೆದ ಪಂಚೆಯೊಂದನ್ನು ಪಕ್ಕದಲ್ಲಿಟ್ಟು, "ಒದ್ದೆಯಾದರೆ ಬದಲಾಯಿಸಿಕೊಳ್ಳಿ, ಎದ್ದು ಬರಬೇಡಿ" ಎಂದಳು. ಅವತ್ತಿನಿಂದ ಮತ್ತೆ ಪೂಜೆಗೆ ಕೂತರು.

ಪ್ರಸಾದವಾದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಒಬ್ಬೊಬ್ಬರೇ ಬನ್ನಿ, ಬಾಗಿಲು ಹಾಕಿರುತ್ತದೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇದ್ದರೆ ಜೊತೆಗೆ ತನ್ನಿ.