ಒಲೆಗೆ ಮೀಸಲಾದ ನೀರು

ದಾರಿಯ ಊಟಕ್ಕೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ನಾವು ಬುತ್ತಿ ಎನ್ನುತ್ತೇವೆ. ಮನೆಯಲ್ಲಿ ಉಪ್ಪು ತೀರಿದರೆ ನೆರೆಮನೆಯುಂಟು. ಬಯಲಿನಲ್ಲಿ ಬೀಡುಬಿಟ್ಟವನಿಗೆ ಹೊರಡುವ ಮುನ್ನ ಮಾಡಿದ ಆಲೋಚನೆಯೇ ಆಸರೆ. ಇದನ್ನು ನಾನು ಕಲಿತದ್ದು ರಾಯಬಾಗ ತಾಲೂಕಿನ ಚಿಂಚಲಿಗೆ ಹೋಗುವ ಬಂಡಿಯ ದಾರಿಯಲ್ಲಿ.

ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಭಕ್ತರಲ್ಲದೆ ಗಡಿಯಾಚೆಯ ಸಾಂಗಲಿ, ಕೊಲ್ಲಾಪುರಗಳ ಕಡೆಯವರೂ ಬರುತ್ತಾರೆ. ಬಂಡಿಗಳು ನಿಂತಲ್ಲಿ ಮೂರು ಮೂರು ಕಲ್ಲಿನ ಒಲೆಗಳು ಏಳುತ್ತವೆ.

ನಮ್ಮ ಆಯಿ, ಎಂದರೆ ಅಜ್ಜಿ, ಬುತ್ತಿ ಕಟ್ಟುವುದರಲ್ಲಿ ಒಂದು ಕ್ರಮವಿತ್ತು. ಬೇಗ ಕೆಡುವುದು ಮೇಲೆ, ಬಾಳಿಕೆಯದು ಕೆಳಗೆ. ಮೊದಲ ಹೊತ್ತಿಗೆ ಮೊಸರನ್ನ ಮತ್ತು ಹೂರಣದ ಹೋಳಿಗೆ, ಮರುದಿನಕ್ಕೆ ಪುಂಡಿಪಲ್ಲೆ, ಆಮೇಲೆ ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಮತ್ತು ಅಗಸಿಯ ಚಟ್ನಿ. ಸಂಜೆಗೆ ಬಿಸಿಯಾಗಿ ಬೇಕಾದುದು ಜುಣಕ ಮಾತ್ರ. ಉಳ್ಳಾಗಡ್ಡಿ ಹೆಚ್ಚಿ, ಕಡಲೆಹಿಟ್ಟು ಕಲಸಿದರೆ ಸ್ವಲ್ಪ ಉರುವಲಿನಲ್ಲೇ ಆಗಿಬಿಡುತ್ತದೆ. ತೊಗರಿಕಟ್ಟಿಗೆ ಬೇಗ ಹೊತ್ತಿ ಬೇಗ ಆರುತ್ತದೆ. ಜಾಲಿಕಟ್ಟಿಗೆ ನಿಧಾನವಾಗಿ ಉರಿಯುತ್ತದೆ. ಕುಳ್ಳು ಬೂದಿಯೊಳಗೇ ಕೆಂಡ ಕಾಯುತ್ತದೆ. ಗಡಿಗೆಯ ತಳಕ್ಕೆ ಮೊದಲೇ ಹಸಿಮಣ್ಣು ಸವರಿದರೆ ಮಸಿ ತೊಳೆಯಲು ನೀರು ಹೆಚ್ಚು ಬೇಡ. ಹೀಗೆ ಉಳಿಸಿದ ನೀರಿನಲ್ಲಿ ಒಂದು ಸಣ್ಣ ಕೊಡವನ್ನು ಆಕೆ ಬೇರೆಯಾಗಿ ಇಡುತ್ತಿದ್ದಳು. ಅದು ಒಲೆಗೆ ಮೀಸಲು.

1971ರ ಜಾತ್ರೆಯ ಹಾದಿಯಲ್ಲಿ ಒಬ್ಬ ರೈತನ ಹೊಲದಂಚಿನಲ್ಲಿ ವಸ್ತಿ ಮಾಡಿದೆವು. ಆತನ ಹೆಂಡತಿ ನಮಗೆ ಮಜ್ಜಿಗೆ ತಂದುಕೊಟ್ಟಳು. ನಸುಕಿನಲ್ಲಿ ಹೊರಡುವಾಗ ಒಲೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಚಳಿ, ನಿದ್ದೆಗಣ್ಣು; ಆ ಕೊಡದ ನೀರಿನಲ್ಲಿ ಮೋರೆ ತೊಳೆದುಕೊಂಡೆ. ಬೂದಿಯ ಮೇಲೆ ಕಾಲಿನಿಂದ ನಾಲ್ಕು ಹಿಡಿ ಮಣ್ಣು ಎಳೆದು ಬಂಡಿ ಹತ್ತಿದೆ. ಬಿಸಿಲೇರಿ ಗಾಳಿ ಬೀಸಿತು. ತಿರುಗಿ ನೋಡಿದರೆ ಹೊಗೆ. ಮಣ್ಣಿನಡಿಯ ಕುಳ್ಳಿನ ಕೆಂಡ ಒಣಹುಲ್ಲಿಗೆ ತಗುಲಿ, ಅಲ್ಲಿಂದ ಜೋಳದ ಕಣಕಿಯ ಬಣವೆಗೆ ಹತ್ತಿತ್ತು.

ನಾವು ಹಿಂದಿರುಗುವಷ್ಟರಲ್ಲಿ ಉಳಿದುದು ಬೂದಿ. ರೈತ ಬೈಯಲಿಲ್ಲ. “ಬಣವಿ ಮತ್ತ ಒಟ್ಟಬಹುದು, ಯಪ್ಪಾ. ಬ್ಯಾಸಗಿಗೆ ದನಕ್ಕ ಏನ ಹಾಕ್ಲಿ?” ಎಂದಷ್ಟೇ ಕೇಳಿದ. ಅಪ್ಪ ನಮ್ಮ ಎತ್ತುಗಳಿಗೆಂದು ತಂದಿದ್ದ ಮೇವನ್ನೆಲ್ಲ ಅಲ್ಲಿಯೇ ಇಳಿಸಿದರು. ಜಾತ್ರೆಗೆ ಹೋಗಲಿಲ್ಲ; ಬಂಡಿ ಊರಿಗೆ ತಿರುಗಿತು. ಎಂಟು ದಿನದೊಳಗೆ ಎರಡು ಬಂಡಿ ಕಣಕಿ ಹೇರಿಕೊಂಡು, ನನ್ನನ್ನೂ ಕೂರಿಸಿಕೊಂಡು ಹೋಗಿ ಒಪ್ಪಿಸಿ ಬಂದರು. ಅಂದೂ ಆ ತಾಯಿ ನಮಗೆ ಮಜ್ಜಿಗೆ ಕೊಟ್ಟಳು. ನನಗದು ಗಂಟಲಲ್ಲಿ ಇಳಿಯಲಿಲ್ಲ.

ಆಯಿ ನನಗೆ ಹೇಳಿದ್ದು ಒಂದೇ ಮಾತು: “ಉಣ್ಣೂ ಲೆಕ್ಕದಾಗ ಆರಸೂ ನೀರೂ ಹಿಡೀಬೇಕು, ಮಗಾ.” ಮುಂದೆ ವಿದ್ಯಾರ್ಥಿಗಳ ಶಿಬಿರಗಳಿಗೆ ಹೋದಾಗ, ಅಕ್ಕಿಬೇಳೆಯ ಪಟ್ಟಿ ನೋಡುವ ಮೊದಲು ಒಲೆ ಆರಿಸುವ ನೀರೆಲ್ಲಿದೆ ಎಂದು ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು.

ನಮ್ಮ ಸೀಮೆ ಇಂದು ಕಬ್ಬಿನ ಸೀಮೆ. ಕೊಯ್ಲು ಮುಗಿದ ಹೊಲದಲ್ಲಿ ಒಣಗಿದ ರವದಿ ಹಾಸಿರುತ್ತದೆ. ಒಂದು ಕಿಡಿ ಸಾಕು. ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಹೋಗುವವರಿಗೂ, ಡೇರೆ ಹೊತ್ತು ಬೆಟ್ಟಕ್ಕೆ ಹೋಗುವ ತರುಣರಿಗೂ ನನ್ನ ವಿನಂತಿ ಇಷ್ಟೆ. ಒಲೆಯನ್ನು ಬರಿನೆಲದ ಮೇಲೆ, ಕುಣಿ ತೋಡಿ ಹೂಡಿರಿ. ಮುಗಿದ ಮೇಲೆ ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿರಿ. ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪಕ್ಕೆ ಒಯ್ದು ನೋಡಿರಿ. ಅದು ತಣ್ಣಗಿದ್ದರೆ ಅಡುಗೆ ಮುಗಿಯಿತೆಂದು ತಿಳಿಯಿರಿ.