ಕೊಯ್ದ ಧಾನ್ಯಕ್ಕೆ ಬೂಷ್ಟಿನ ಬಾಧೆ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿರುವ ಮನ್ಮಾಡ್ ಒಂದು ಪ್ರಮುಖ ರೈಲ್ವೆ ಜಂಕ್ಷನ್. ಭಾರತ ಆಹಾರ ನಿಗಮದ ದೊಡ್ಡ ಉಗ್ರಾಣಗಳಲ್ಲೊಂದು ಇಲ್ಲಿದೆ. ಹೊರ ರಾಜ್ಯಗಳಿಂದ ಬಂದ ಧಾನ್ಯ ಇಲ್ಲಿ ದಾಸ್ತಾನಾಗಿ, ಅನಂತರ ಪಡಿತರ ಅಂಗಡಿಗಳತ್ತ ಸಾಗುತ್ತದೆ. ಇಂತಹ ದಾಸ್ತಾನಿಗೆ ಇಲಿ, ಹುಳುಗಳಷ್ಟೇ ದೊಡ್ಡ ಶತ್ರುವೆಂದರೆ ತೇವ. ಸಾಮಾನ್ಯ ನಿಯಮದಂತೆ ಗೋಧಿಯ ತೇವಾಂಶ ಶೇಕಡಾ 12ನ್ನು ಮೀರಿದರೆ ನಿಗಮವು ಬೆಲೆ ಕಡಿತಗೊಳಿಸುತ್ತದೆ. ಶೇಕಡಾ 14ನ್ನು ಮೀರಿದರೆ ಕೊಳ್ಳುವುದಿಲ್ಲ. ಮಾರಲು ಬಂದ ರೈತನಿಗೆ ಇದು ಕಠಿಣವೆನಿಸಬಹುದು. ಆದರೆ ಈ ನಿಯಮ ಉಣ್ಣುವವನ ಪ್ರಾಣಕ್ಕೆ ಸಂಬಂಧಿಸಿದುದು.

ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಸದಾ ಇರುತ್ತವೆ. ಒಣಗಿದ ಕಾಳಿನ ಮೇಲೆ ಅವು ಬೆಳೆಯಲಾರವು. ತೇವ ದೊರೆತೊಡನೆ ಬೂಷ್ಟಾಗಿ ಹಬ್ಬುತ್ತವೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. ಈ ವಿಷವು ಯಕೃತ್ತನ್ನು ಕೆಡಿಸುತ್ತದೆ. ದೀರ್ಘಕಾಲ ದೇಹ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಕಾಳನ್ನು ತೊಳೆದರೆ ಮೇಲಿನ ಬೂಷ್ಟು ಹೋದೀತು, ಒಳಗಿನ ವಿಷ ಹೋಗದು. ಮನೆಯ ಒಲೆಯ ಶಾಖಕ್ಕೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ.

ಭಾರತದಲ್ಲಿಯೂ ಇದರ ಕಹಿ ಅನುಭವವಾಗಿದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನು ಉಂಡವರು ಕಾಮಾಲೆ, ಹೊಟ್ಟೆಯುಬ್ಬರಗಳಿಂದ ನರಳಿದರು. ನೂರಕ್ಕೂ ಹೆಚ್ಚು ಮಂದಿ ಮಡಿದರು. 1995ರಲ್ಲಿ ಕರ್ನಾಟಕ ಹಾಗೂ ಆಂಧ್ರ ಪ್ರದೇಶದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳಗಳ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿಗಳು ಕಾಣಿಸಿಕೊಂಡವು. ಫ್ಯುಸೇರಿಯಂ ಜಾತಿಯ ಶಿಲೀಂಧ್ರದ ಫ್ಯುಮೊನಿಸಿನ್ ವಿಷ ಇದಕ್ಕೆ ಕಾರಣವೆಂದು ತಜ್ಞರು ಗುರುತಿಸಿದರು. ಆ ಧಾನ್ಯವನ್ನು ಬಿಟ್ಟವರು ಚೇತರಿಸಿಕೊಂಡರು. ಎರಡೂ ಕಡೆ ಕೆಟ್ಟ ಕಾಳನ್ನು ಉಂಡವರು ಬೇರೆ ಕಾಳಿಗೆ ಗತಿಯಿಲ್ಲದ ಬಡವರೇ.

ಆದುದರಿಂದ ಎಚ್ಚರಿಕೆ ಕಣದಿಂದಲೇ ಆರಂಭವಾಗಬೇಕು. ಮುಂಗಾರಿ ಜೋಳದ ತೆನೆ ಮಾಗುವಾಗ ಮಳೆ ಬಂದರೆ ಕಾಳು ಕಪ್ಪಾಗುತ್ತದೆ. ಮಾಗಿದ ಬೆಳೆಯನ್ನು ಹೊಲದಲ್ಲಿ ನಿಲ್ಲಿಸಬಾರದು. ತೆನೆಯನ್ನು ನೆಲದ ಮೇಲೆ ಹರಡದೆ ತಾಡಪಾಲಿನ ಮೇಲೆ ಒಣಗಿಸಬೇಕು. ಹಲ್ಲಿನಿಂದ ಕಡಿದಾಗ ಕಟಕ್ಕೆಂದು ಒಡೆಯುವ ಕಾಳನ್ನು ಆರಿದ ಬಳಿಕವೇ ಚೀಲಕ್ಕೆ ತುಂಬಬೇಕು. ಚೀಲಗಳನ್ನು ಗೋಡೆಯಿಂದ ದೂರವಾಗಿ, ಮರದ ಹಲಗೆಗಳ ಮೇಲೆ ಒಟ್ಟಬೇಕು. ಹಗೇವಿನ ಅಂಚಿನಲ್ಲಿ ತೇವ ತಾಗಿದ ಕಾಳನ್ನು ಒಳ್ಳೆಯದರೊಡನೆ ಬೆರೆಸಬಾರದು.

ಬೂಷ್ಟು ಹಿಡಿದ ಧಾನ್ಯವನ್ನು ಹಸುವಿಗೆ ಹಾಕುವುದೂ ಸಲ್ಲದು, ಏಕೆಂದರೆ ವಿಷದ ಅಂಶ ಹಾಲಿನಲ್ಲಿ ಮರಳಿ ಬರುತ್ತದೆ. ಅದನ್ನು ಕೂಲಿಯಾಗಿ ಅಳೆದುಕೊಡುವುದಂತೂ ಅನ್ಯಾಯ. ಕಾನೂನು ಒಂದು ಕಿಲೋ ಏಕದಳ ಧಾನ್ಯದಲ್ಲಿ 15 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಕೂಡದೆಂದು ವಿಧಿಸಿದೆ. ಅಷ್ಟು ಸೂಕ್ಷ್ಮವಾದುದನ್ನು ಪ್ರಯೋಗಾಲಯ ಅಳೆಯಬಲ್ಲದು, ಕಣ್ಣು ಅಳೆಯಲಾರದು. ಎಲ್ಲರ ಕೈಗೆಟಕುವ ರಕ್ಷಣೆಯೆಂದರೆ ಸಕಾಲದ ಎರಡು ದಿನದ ಒಳ್ಳೆಯ ಬಿಸಿಲು.