ಯಾರು ಆಪ್ತರು?



ದಶಲಕ್ಷಣ ಪರ್ವ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಒಂದು ವಾದ ಏಳುತ್ತದೆ. ಮಧುಮೇಹವಿರುವ ತಾಯಿ ಉಪವಾಸದ ಸಂಕಲ್ಪ ಮಾಡುತ್ತಾರೆ, ವೈದ್ಯರು ಬೇಡವೆನ್ನುತ್ತಾರೆ. "ನಲವತ್ತು ವರ್ಷ ಮಾಡಿದ್ದೇನೆ, ನನ್ನ ದೇಹ ನನಗೆ ತಿಳಿಯದೇ?" ಎಂದು ತಾಯಿ ಕೇಳುತ್ತಾರೆ. ಮಕ್ಕಳು ಯಾರನ್ನು ನಂಬಬೇಕು?

ಅನೇಕಾಂತದ ಹೆಸರಿನಲ್ಲಿ "ಇಬ್ಬರದೂ ಸರಿ" ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಅನೇಕಾಂತಕ್ಕೆ ಮಾಡುವ ಅಪಚಾರ. ಯಾವ ನಯಕ್ಕೆ ಯಾವುದು ಕಾಣುತ್ತದೆ, ಯಾವುದು ಕಾಣದು ಎಂದು ವಿವೇಚಿಸುವುದೇ ಅನೇಕಾಂತದ ಕೆಲಸ.

ತಾಯಿಯ ನಲವತ್ತು ವರ್ಷಗಳ ಅನುಭವದ ಬಹುಭಾಗ ಇನ್ಸುಲಿನ್ ತೆಗೆದುಕೊಳ್ಳದಿದ್ದ ದೇಹದ್ದು. ಇನ್ಸುಲಿನ್ ತೆಗೆದುಕೊಂಡು ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಿ12 ಜೀವಸತ್ವದ ಮಾತೂ ಇಂಥದೇ. ಮಾಂಸ, ಮೊಟ್ಟೆ ಮುಟ್ಟದ ನಮಗೆ ಅದು ದೊರೆಯುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಯಕೃತ್ತು ಅದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವುದರಿಂದ ಕೊರತೆಯ ಫಲ ತಡವಾಗಿ ತೋರುತ್ತದೆ. ಪಾದ ಜೋಮು ಹಿಡಿದಾಗ, ಮರೆವು ಹೆಚ್ಚಿದಾಗ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ಮಧುಮೇಹಿಗಳು ದೀರ್ಘಕಾಲ ಸೇವಿಸುವ ಮೆಟ್‌ಫಾರ್ಮಿನ್ ಮಾತ್ರೆ ಈ ಕೊರತೆಯನ್ನು ಹೆಚ್ಚಿಸಬಲ್ಲದು. ಕಾರಣಕ್ಕೂ ಕಾರ್ಯಕ್ಕೂ ಇಷ್ಟು ಅಂತರವಿರುವಲ್ಲಿ ಸ್ವಾನುಭವಕ್ಕೆ ಕಣ್ಣಿಲ್ಲ, ರಕ್ತಪರೀಕ್ಷೆಗೆ ಇದೆ.

ಹಾಗೆಂದು ಪರಿಣತರಿಗೆ ಎಲ್ಲವೂ ಕಾಣುವುದಿಲ್ಲ. 1986ರ ಚೆರ್ನೋಬಿಲ್ ಅಣುದುರಂತದ ಬಳಿಕ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಮೇಲೆ ವಿಕಿರಣಶೀಲ ಸೀಸಿಯಂ ಮಳೆಯೊಡನೆ ಇಳಿಯಿತು. ಕುರಿಗಳ ಮಾರಾಟಕ್ಕೆ ನಿರ್ಬಂಧ ಬಂತು. ಮೂರು ವಾರಗಳಲ್ಲಿ ಸರಿಹೋಗುವುದೆಂದು ಮೊದಲು ಹೇಳಲಾಯಿತು. ಆ ಲೆಕ್ಕ ಜೇಡಿಮಣ್ಣಿಗೆ ಸಲ್ಲುವಂಥದು. ಬೆಟ್ಟದ ಆಮ್ಲೀಯ ಮಣ್ಣಿನಿಂದ ಸೀಸಿಯಂ ಮತ್ತೆ ಮತ್ತೆ ಹುಲ್ಲಿಗೇರಿತು. ಕೊನೆಯ ನಿರ್ಬಂಧ ತೆರವಾದದ್ದು 2012ರಲ್ಲಿ! ಆ ಬೆಟ್ಟವನ್ನೂ ಕುರಿಗಳು ಮೇಯುವ ರೀತಿಯನ್ನೂ ಬಲ್ಲ ಕುರಿಗಾರರ ಮಾತಿಗೆ ಪರಿಣತರು ಬೆಲೆ ಕೊಟ್ಟಿರಲಿಲ್ಲ.

ನಮ್ಮ ತಾಯಂದಿರಲ್ಲಿಯೂ ಇಂಥ ತಿಳಿವಳಿಕೆಯಿದೆ. ಉಪವಾಸ, ಏಕಾಶನ, ರಸತ್ಯಾಗ ಇವುಗಳ ಭೇದ ಅನೇಕ ವೈದ್ಯರಿಗೆ ತಿಳಿಯದು. ಯಾವ ಹೊತ್ತಿನಲ್ಲಿ ತಲೆ ತಿರುಗುತ್ತದೆ, ಸೂರ್ಯಾಸ್ತದ ಮುಂಚೆ ಏನು ಸೇವಿಸುತ್ತಾರೆ ಎಂಬುದನ್ನು ಕೇಳದೆ ಬರೆದ ಔಷಧಚೀಟಿಯೂ ಅರ್ಧಜ್ಞಾನವೇ. ಕೇಳಿದರೆ, ಬೇಡವೆಂಬ ಒಂದೇ ಮಾತಿನ ಬದಲು ಆ ದೇಹಕ್ಕೆ ಒಪ್ಪುವ ವ್ರತವೊಂದು ದೊರೆಯಬಹುದು.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಸಾಕ್ಷಾತ್ ಜಿನನನ್ನೇ ಪರೀಕ್ಷೆಗೆ ಒಡ್ಡಿದರು. ದೇವತೆಗಳ ಆಗಮನ, ಚಾಮರ ಮುಂತಾದ ವೈಭವ ಮಾಯಾವಿಗಳಲ್ಲೂ ಕಾಣುವುದರಿಂದ ಅಷ್ಟರಿಂದಲೇ ಆಪ್ತತ್ವ ಸಿದ್ಧಿಸದೆಂದರು. ನರೆತ ಕೂದಲೂ ಚಾಮರವೇ, ವೈದ್ಯರ ಬಿಳಿಯ ಕೋಟೂ ಚಾಮರವೇ. "ಈ ವಿಷಯ ಇವರಿಗೆ ಕಾಣುವಂಥದೇ? ತಪ್ಪಿದ್ದರೆ ಇವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಇಬ್ಬರ ವಿಷಯದಲ್ಲೂ ಕೇಳಬೇಕು.

ಆದುದರಿಂದ ನನ್ನದೊಂದು ವಿನಂತಿ. ಪರ್ವಕ್ಕೆ ಹದಿನೈದು ದಿನ ಮುಂಚೆ ಪ್ರತಿ ಬಸದಿಯಲ್ಲೂ ವ್ರತಧಾರಿಗಳನ್ನೂ ವೈದ್ಯರನ್ನೂ ಎದುರುಬದುರು ಕೂರಿಸೋಣ. ಸಂಕಲ್ಪ ಅದರ ನಂತರವಾಗಲಿ. ವಿವೇಕವಿಲ್ಲದ ತಪಸ್ಸನ್ನು ನಮ್ಮ ಧರ್ಮ ಎಂದೂ ಹೊಗಳಿಲ್ಲ.

ಜಯ ಜಿನೇಂದ್ರ.